ಎಂಓಟಿಯಲ್ಲಿ ಬ್ರೇಕ್ ಫೇಲ್ ಆಯ್ತಾ? ಮೊದಲು ಆ ಕಾಗದ ಓದಿ

ನಿಮ್ಮ ಪ್ರಶ್ನೆ ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ, ನಕ್ಕಿದ್ದು ಹದಿನಾಲ್ಕು ವರ್ಷದ ಹಿಂದಿನ ನನ್ನನ್ನೇ ನೆನೆದು. ಇಂಗ್ಲೆಂಡಿನ ರಾಥರ್‌ಹ್ಯಾಮ್‌ಗೆ ಬಂದು ಎಂಟು ತಿಂಗಳು, ಒಂಬತ್ತು ವರ್ಷ ಹಳೆಯ ಕಾರು, ನಿಮ್ಮ ಕೈಗೆ ಬಂದ ಮೇಲಿನ ಮೊದಲ ಎಂಓಟಿಯಲ್ಲೇ, ಅಂದರೆ ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಪರೀಕ್ಷೆಯಲ್ಲೇ, ಫೇಲು. ಮುಂದಿನ ಎರಡು ಚಕ್ರದ ಬ್ರೇಕ್ ಪ್ಯಾಡ್, ಡಿಸ್ಕ್ ಬದಲಿಸಲು ಗ್ಯಾರೇಜಿನವರು 390 ಪೌಂಡ್ ಕೇಳಿದ್ದಾರೆ. ಇಷ್ಟೊಂದಾ, ಮನೆಯಲ್ಲೇ ಮಾಡಬಹುದಾ, ಅದಕ್ಕೆ ಕಾನೂನು ಒಪ್ಪುತ್ತಾ, ಇಲ್ಲಿ ಎಲ್ಲರೂ ಹೀಗೇ ಬದುಕುತ್ತಾರಾ ಎಂದು ಕೇಳಿದ್ದೀರಿ.

ಮಾಡಬಹುದು. ನಿಮ್ಮ ಸ್ವಂತ ಕಾರಿನ ಬ್ರೇಕ್ ನೀವೇ ರಿಪೇರಿ ಮಾಡಲು ಬ್ರಿಟನ್ನಿನಲ್ಲಿ ಯಾವ ಲೈಸೆನ್ಸೂ ಬೇಡ. ಕೆಲಸ ಕೆಟ್ಟರೆ ಹೊಣೆ ಮಾತ್ರ ನಿಮ್ಮದೇ. ಎಲ್ಲರೂ ಹೀಗೆ ಬದುಕುವುದಿಲ್ಲ. ನನ್ನ ಆಫೀಸಿನಲ್ಲಿ ಬಾನೆಟ್ ಎತ್ತಿ ನೋಡದವರೇ ಜಾಸ್ತಿ.

ಸ್ಪ್ಯಾನರ್ ಹಿಡಿಯುವ ಮೊದಲು ಅವರು ಕೊಟ್ಟ ಕಾಗದ ಓದಿ. ಫೇಲಾದರೆ ಕೊಡುವುದು ವಿಟಿ 30, ಪಾಸಾದರೆ ವಿಟಿ 20. 2018ರ ಮೇ ತಿಂಗಳಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ಮೂರು ಬಗೆ ಮಾಡಿದ್ದಾರೆ. ಇವುಗಳ ಜೊತೆಗೆ ಅಡ್ವೈಸರಿ ಅಂತ ಒಂದಿದೆ. 'ಈಗ ಪರವಾಗಿಲ್ಲ, ಒಂದು ಕಣ್ಣಿಟ್ಟಿರಿ' ಎಂದು ಅದರರ್ಥ. ಮೈನರ್, ಅಡ್ವೈಸರಿ ಎಷ್ಟಿದ್ದರೂ ಕಾರು ಪಾಸು. ಮೇಜರ್ ಒಂದಿದ್ದರೂ ಫೇಲು. ಡೇಂಜರಸ್ ಎಂದು ಬರೆದಿದ್ದರೆ ರಿಪೇರಿ ಆಗುವ ತನಕ ಕಾರನ್ನು ರಸ್ತೆಗೇ ಇಳಿಸುವಂತಿಲ್ಲ. ಪ್ಯಾಡು ಸವೆತದ ಗುರುತು ಮುಟ್ಟಿದ್ದರೆ ಅದು ಮೇಜರ್, 1.5 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಡೇಂಜರಸ್. ಕೂದಲೆಳೆಯಷ್ಟು ಸವೆತದಲ್ಲಿ ನಿಮ್ಮ ಇಡೀ ವಾರದ ಲೆಕ್ಕ ತಲೆಕೆಳಗಾಗುತ್ತದೆ.

ನೀವು ಹೇಳಿದ ಪ್ರಕಾರ ನಿಮ್ಮದು ಮೇಜರ್. ಹಳೆಯ ಎಂಓಟಿಗೆ ಇನ್ನೂ ಹನ್ನೆರಡು ದಿನ ಆಯುಸ್ಸಿದೆ. ಹಾಗಾದರೆ ಕಾರನ್ನು ಮನೆಗೆ ತರಬಹುದು. ತಂದ ಮೇಲೆ ಅದರಲ್ಲಿ ಆಫೀಸಿಗೆ ಹೋಗುವ, ಸೂಪರ್ ಮಾರ್ಕೆಟ್ಟಿಗೆ ಹೋಗುವ ಆಸೆ ಬಿಡಿ. ಸರ್ಟಿಫಿಕೇಟಿನಲ್ಲಿ ದಿನ ಉಳಿದಿದ್ದರೂ ಗಾಡಿ ಓಡಿಸಲು ಯೋಗ್ಯವಾಗಿರಬೇಕು ಎನ್ನುವುದು ಬೇರೆಯದೇ ನಿಯಮ. ಅಪಾಯದ ಸ್ಥಿತಿಯಲ್ಲಿರುವ ಕಾರು ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್ ತನಕ ದಂಡ, ಲೈಸೆನ್ಸಿನ ಮೇಲೆ 3 ಪಾಯಿಂಟ್.

ಲೈಸೆನ್ಸ್ ಎಂದಾಗ ನೆನಪಾಯಿತು. ಊರಿನ ಲೈಸೆನ್ಸಿನಲ್ಲೇ ಓಡಿಸುತ್ತಿದ್ದೀರಾ? ಅದು ನಡೆಯುವುದು ನೀವು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ. ಭಾರತದ ಲೈಸೆನ್ಸ್ ಕೊಟ್ಟು ಇಲ್ಲಿನದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಎಂಟು ತಿಂಗಳು ಆಗಲೇ ಕಳೆದಿದೆ, ಪ್ರಾಕ್ಟಿಕಲ್‌ಗೆ ದಿನ ಸಿಗುವುದು ಸುಲಭವಲ್ಲ. ಬ್ರೇಕಿನ ಕೆಲಸ ಶನಿವಾರಕ್ಕಿರಲಿ, ಈ ಕೆಲಸ ಇವತ್ತೇ ಆಗಲಿ.

ಈಗ ಆ 390 ಪೌಂಡಿನ ಮಾತು. ಅವರು ನಿಮಗೆ ಟೋಪಿ ಹಾಕುತ್ತಿದ್ದಾರೆ ಎಂದುಕೊಳ್ಳಬೇಡಿ. ಊರಿನಲ್ಲಿ ಸಾಮಾನಿಗೆ ದುಡ್ಡು, ಮೆಕ್ಯಾನಿಕ್ಕಿನ ಕೈಗೆ ಪುಡಿಗಾಸು. ಇಲ್ಲಿ ಅದು ಪೂರ್ತಿ ಉಲ್ಟಾ. ನನಗೆ ಮೊದಲ ಸಲ ಹೀಗೇ ಆದಾಗ ಗ್ಯಾರೇಜಿನವರು ಹೇಳಿದ್ದು 340. ಅದೇ ಡಿಸ್ಕು, ಅದೇ ಪ್ಯಾಡು ಅಂಗಡಿಯಲ್ಲಿ 92 ಪೌಂಡಿಗೆ ಸಿಕ್ಕವು. ಉಳಿದದ್ದೆಲ್ಲ ಕೈಗೆ, ಜಾಗದ ಬಾಡಿಗೆಗೆ, ತೆರಿಗೆಗೆ. ನಾನು ಮನೆಗೆ ಬಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ, ಒಂದು ಮಧ್ಯಾಹ್ನದಲ್ಲಿ ಇನ್ನೂರೈವತ್ತು ಪೌಂಡ್ ಉಳಿಸುತ್ತೇನೆ ಅಂತ. ಆ ಮಧ್ಯಾಹ್ನ ಎರಡು ದಿನ ನಡೆಯಿತು.

ನಾವಿದ್ದದ್ದು ಶೆಫೀಲ್ಡಿನಲ್ಲಿ. ಆ ಊರು ನೋಡಿದ್ದೀರಲ್ಲ, ಎಲ್ಲಾ ಬೀದಿಯೂ ಏರು ಇಲ್ಲವೇ ಇಳಿಜಾರು. ಬ್ರೇಕು ಬೇಗ ಸವೆಯುವುದೂ ಅದಕ್ಕೇ. ಇಳಿಜಾರಿನಲ್ಲಿ ಜ್ಯಾಕ್ ಕೊಟ್ಟು ಕಾರು ಎತ್ತುವುದು ಎಂದರೆ ಪ್ರಾಣದ ಜೊತೆ ಆಟ. ಅಷ್ಟು ಬುದ್ಧಿ ಹೇಗೋ ಇತ್ತು. ಊರಾಚೆಯ ಗೆಳೆಯನ ಮನೆ ಮುಂದಿನ ಸಮತಟ್ಟು ಜಾಗಕ್ಕೆ ಹೋದೆ. ಕಾಂಕ್ರೀಟಿನ ನೆಲ. ಹುಲ್ಲು, ಜಲ್ಲಿ, ಬಿಸಿಲಿಗೆ ಮೆತ್ತಗಾದ ಟಾರು ಬೇಡವೇ ಬೇಡ.

ವೀಡಿಯೊದಲ್ಲಿ ಎರಡು ಬೋಲ್ಟು ಬಿಚ್ಚುತ್ತಾರೆ, ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಎತ್ತುತ್ತಾರೆ, ಹಳೆಯದು ತೆಗೆದು ಹೊಸದು ಇಡುತ್ತಾರೆ. ಅವರ ಕಾರಿನಲ್ಲಿ ತುಕ್ಕು ಇರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಎಂದು ಉಪ್ಪು ಚೆಲ್ಲುತ್ತಾರೆ. ಒಂಬತ್ತು ಚಳಿಗಾಲದ ಉಪ್ಪು ತಿಂದ ಬೋಲ್ಟು ಕಬ್ಬಿಣವಾಗಿ ಉಳಿದಿರುವುದಿಲ್ಲ, ಕ್ಯಾಲಿಪರನ್ನು ಹೊರುವ ಕ್ಯಾರಿಯರಿನ ಜೊತೆ ಒಂದೇ ಮೈ ಆಗಿರುತ್ತದೆ. ನನ್ನ ಸ್ಪ್ಯಾನರ್ ಜಾರಿ ಬೆರಳ ಗಂಟಿನ ಚರ್ಮ ಕಿತ್ತು ಬಂತು. ಮೇಲಿಂದ ಜಿಟಿಜಿಟಿ ಮಳೆ. ಎದುರು ಮನೆಯ ಮುದುಕರೊಬ್ಬರು ಅರ್ಧ ಗಂಟೆ ಕಿಟಕಿಯಿಂದ ನೋಡಿದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಮೇಲೆ ಬಿಗಿದ ಬೋಲ್ಟು ಬಿಚ್ಚುವ ಒಂದು ಮೂರಡಿ ಉದ್ದದ ಬ್ರೇಕರ್ ಬಾರ್ ಹಿಡಿದು ಬಂದರು. ಮಾತಿಲ್ಲ, ಕತೆಯಿಲ್ಲ. ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದರು, 'ಟೀ ಕುಡಿದು ಬಾ' ಎಂದರು. ಇಪ್ಪತ್ತು ನಿಮಿಷ ಬಿಟ್ಟು ಬಾರ್ ಹಾಕಿ ಎಳೆದಾಗ ಬೋಲ್ಟು ಕಿರ್ ಎಂದು ಬಿಟ್ಟುಕೊಟ್ಟಿತು. ನಿಮಗೆ ನಾನು ಹೇಳುವುದೂ ಅದೇ. ಶುಕ್ರವಾರ ರಾತ್ರಿಯೇ ಎಲ್ಲಾ ಬೋಲ್ಟಿಗೆ ಆ ಎಣ್ಣೆ ಹೊಡೆದು ಬಿಡಿ. ಡಿಸ್ಕಿನ ಮೇಲೆ, ಪ್ಯಾಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಅಷ್ಟೇ.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸಡಿಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಜ್ಯಾಕ್ ಇರುವುದು ಎತ್ತಲು ಮಾತ್ರ. ಹೊರಲು ಆಕ್ಸಲ್ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಈ ಒಂದು ವಿಷಯದಲ್ಲಿ ನಾನು ಅಜ್ಜಿಯ ಹಾಗೆ ಗೊಣಗುತ್ತೇನೆ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ರಬ್ಬರ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಹೊಸ ಪ್ಯಾಡು ದಪ್ಪ ಇರುವುದರಿಂದ ಕ್ಯಾಲಿಪರಿನೊಳಗಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಮುಂದಿನದಕ್ಕೆ ಒಂದು ಜಿ-ಕ್ಲ್ಯಾಂಪ್ ಸಾಕು, ನಿಧಾನವಾಗಿ ತಿರುಗಿಸಿ. ಆಗ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ವಾಪಸ್ ಏರುತ್ತದೆ. ತುಂಬಿ ಹೊರಗೆ ಚೆಲ್ಲಿದರೆ ಕಾರಿನ ಬಣ್ಣ ತಿನ್ನುತ್ತದೆ, ಆಗಾಗ ನೋಡುತ್ತಿರಿ. ಮುಂದೊಂದು ದಿನ ಹಿಂದಿನ ಬ್ರೇಕ್ ಮಾಡುವಾಗ ಇದೇ ಕ್ಲ್ಯಾಂಪ್ ಹಾಕಿ ಒತ್ತಿಬಿಡಬೇಡಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕೂರಿಸಬೇಕು, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಅದನ್ನು ಮೊದಲು ಸರ್ವೀಸ್ ಮೋಡ್‌ಗೆ, ಅಂದರೆ ರಿಪೇರಿಗೆಂದು ಸಡಿಲ ಬಿಡುವ ಸ್ಥಿತಿಗೆ, ಹಾಕಬೇಕು.

ವೀಡಿಯೊಗಳಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಸುವ, ನಿಜವಾಗಿ ಕೆಲಸವೆಲ್ಲ ಇರುವ ಜಾಗ ಬೇರೆಯೇ ಇದೆ. ಪ್ಯಾಡು ಕೂರುವ ಕ್ಯಾರಿಯರಿನ ಅಂಚು, ಕ್ಯಾಲಿಪರ್ ಜಾರುವ ಸ್ಲೈಡರ್ ಪಿನ್ನು. ನಿಮ್ಮ ಬಲಗಡೆಯ ಪ್ಯಾಡು ಎಡಗಡೆಗಿಂತ ಜಾಸ್ತಿ ಸವೆದಿದೆ ಅಂದಿರಲ್ಲ, ಬಹುಶಃ ಆ ಕಡೆಯ ಪಿನ್ನು ಬಿಗಿದುಕೊಂಡಿದೆ. ಹಾಗೇ ಬಿಟ್ಟು ಹೊಸ ಪ್ಯಾಡು ಹಾಕಿದರೆ ಅದೂ ಬೇಗ ಮುಗಿಯುತ್ತದೆ. ಪಿನ್ನು ಹೊರತೆಗೆದು ಒರೆಸಿ, ಸಿಲಿಕೋನ್ ಗ್ರೀಸು ಹಚ್ಚಿ, ಬೆರಳಲ್ಲಿ ತಳ್ಳಿದರೆ ಜಾರುವಂತೆ ಮಾಡಿ. ಕ್ಯಾರಿಯರಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಬರಿ ಲೋಹ ಕಾಣಬೇಕು. ಹಳೆಯ ಡಿಸ್ಕು ತೆಗೆದ ಮೇಲೆ ಅದು ಕೂತಿದ್ದ ಹಬ್‌ನ ಮುಖವನ್ನೂ ಹಾಗೇ ಉಜ್ಜಿ. ಅಲ್ಲಿ ತುಕ್ಕಿನ ಒಂದು ಚೂರು ಉಳಿದರೂ ಹೊಸ ಡಿಸ್ಕು ಓರೆಯಾಗಿ ಕೂತು, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ದೂಳನ್ನು ಬಾಯಲ್ಲಿ ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆಯಿರಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರುತ್ತಾರೆ, ಅದನ್ನೂ ಅದೇ ಕ್ಲೀನರಿನಲ್ಲಿ ತೊಳೆಯಿರಿ. ಒಂದೇ ಕಡೆ ಬದಲಿಸುವ ಜಿಪುಣತನ ಬೇಡ. ಎಂಓಟಿಯಲ್ಲಿ ಬ್ರೇಕಿನ ಹಿಡಿತ ಅಳೆಯುವ ರೋಲರಿನ ಮೇಲೆ ಎಡಕ್ಕೂ ಬಲಕ್ಕೂ 30 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಫೇಲು.

ಇನ್ನು ನಾನು ಮಾಡಿದ ತಪ್ಪು. ಎಲ್ಲಾ ಮುಗಿಸಿ, ಚಕ್ರ ಕೂರಿಸಿ, ಖುಷಿಯಲ್ಲಿ ಕಾರು ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಏನೂ ಇಲ್ಲ! ಪಿಸ್ಟನ್ ಹಿಂದಕ್ಕೆ ಒತ್ತಿದ್ದೆನಲ್ಲ, ಅದು ಮತ್ತೆ ಪ್ಯಾಡನ್ನು ಮುಟ್ಟಲು ಪೆಡಲನ್ನು ಹತ್ತಾರು ಸಲ ಒತ್ತಬೇಕು. ಕಾರು ಅಲುಗುವ ಮೊದಲೇ ಒತ್ತಬೇಕು. ಗೆಳೆಯನ ಕಸದ ಡಬ್ಬಿ ಅವತ್ತು ನನ್ನನ್ನು ಕಾಪಾಡಿತು. ಹ್ಯಾಂಡ್‌ಬ್ರೇಕ್ ಎಳೆಯುವ ಹೊತ್ತಿಗೆ ಅದು ಚಪ್ಪಟೆ. ನೀವು ಇದನ್ನು ಕೈ ಮೇಲೆ ಬರೆದುಕೊಳ್ಳಿ ಬೇಕಾದರೆ.

ನಿಮ್ಮ ಕಾಗದದಲ್ಲಿ ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಎಂದು ಅಡ್ವೈಸರಿ ಇದೆ. ಅದಕ್ಕೆ ಕೈ ಹಾಕಬೇಡಿ. ಪ್ಯಾಡು, ಡಿಸ್ಕು ಬದಲಿಸುವುದು ನಟ್ಟು ಬೋಲ್ಟಿನ ಕೆಲಸ, ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ, ಅದನ್ನು ಹೊರಗೆ ತೆಗೆಯಬೇಕು, ಹೊಸ ಪೈಪಿನ ತುದಿ ಅರಳಿಸಬೇಕು, ಎಲ್ಲೂ ಜಿನುಗಬಾರದು. ನಾನು ಇಷ್ಟು ವರ್ಷವಾದರೂ ಅದನ್ನು ದುಡ್ಡು ಕೊಟ್ಟೇ ಮಾಡಿಸುವುದು. ತಾಮ್ರ-ನಿಕ್ಕಲ್ ಮಿಶ್ರದ ಪೈಪು ಹಾಕಿ ಎಂದು ಕೇಳಿ, ಅದಕ್ಕೆ ಉಪ್ಪಿನ ಭಯ ಕಡಿಮೆ. ಬ್ರೇಕ್ ಆಯಿಲೂ ಅವತ್ತೇ ಬದಲಾಗಲಿ. ಅದು ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ರೀಟೆಸ್ಟಿಗೆ ಅದೇ ಸೆಂಟರಿಗೆ 10 ಕೆಲಸದ ದಿನಗಳ ಒಳಗೆ ಹೋದರೆ ಪೂರ್ತಿ ಪರೀಕ್ಷೆ ಇಲ್ಲ, ಕಡಿಮೆ ಶುಲ್ಕದಲ್ಲಿ ಫೇಲಾದ ಭಾಗವನ್ನಷ್ಟೇ ನೋಡುತ್ತಾರೆ. ದಿನ ದಾಟಿದರೆ ಮತ್ತೆ ಮೊದಲಿಂದ. ಕಾರಿಗೆ ಪೂರ್ತಿ ಪರೀಕ್ಷೆಯ ಗರಿಷ್ಠ ಶುಲ್ಕ 54.85 ಪೌಂಡ್. ಹೊಸ ಪ್ಯಾಡು ಮೊದಲು ಅಷ್ಟಾಗಿ ಹಿಡಿಯುವುದಿಲ್ಲ. ಹೋಗುವ ದಾರಿಯಲ್ಲಿ ಖಾಲಿ ರಸ್ತೆ ನೋಡಿ, ಮೂವತ್ತು ಮೈಲಿ ವೇಗದಿಂದ ಹತ್ತಕ್ಕೆ ಮೆಲ್ಲಗೆ ಇಳಿಸುತ್ತಾ ಒಂದು ಎಂಟ್ಹತ್ತು ಸಲ ಪಳಗಿಸಿ. ಗಕ್ಕನೆ ನಿಲ್ಲಿಸಬೇಡಿ. ಮುಂದಿನ ವರ್ಷ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ನಡೆಸುವ ಟೆಸ್ಟ್ ಸೆಂಟರ್ ಹತ್ತಿರದಲ್ಲಿದೆಯಾ ವಿಚಾರಿಸಿ. ಅಂಥ ಕಡೆ ಪರೀಕ್ಷೆ ಮಾತ್ರ, ಜನರ ಕಾರಿಗೆ ರಿಪೇರಿ ಮಾಡುವುದಿಲ್ಲ. ಹಾಗಾಗಿ ಇಲ್ಲದ ದೋಷ ಹುಡುಕಿ ಅವರಿಗೆ ಆಗಬೇಕಾದ್ದೇನಿಲ್ಲ. ಇನ್ನೊಂದು ಕಾರು ಕೊಳ್ಳುವಾಗ ಅದರ ನಂಬರ್ ಹಾಕಿ ಸರ್ಕಾರದ ಜಾಲತಾಣದಲ್ಲಿ ಎಂಓಟಿ ಚರಿತ್ರೆ ಪೂರ್ತಿ ನೋಡಿ, ಪುಕ್ಕಟೆ. ಈ ಕಾರಿನದನ್ನೇ ನೋಡಿ, ಹೋದ ವರ್ಷವೇ ಪ್ಯಾಡಿನ ಬಗ್ಗೆ ಅಡ್ವೈಸರಿ ಬರೆದಿದ್ದರೂ ಬರೆದಿರಬಹುದು.

ಅಂಗಡಿಯಲ್ಲಿ 'ಸ್ಟೆಪ್ನಿ' ಎಂದು ಕೇಳಬೇಡಿ, ನಾನು ಕೇಳಿ ಪೆಚ್ಚಾಗಿದ್ದೇನೆ. ತಮಾಷೆ ಏನೆಂದರೆ ಆ ಹೆಸರು ಹುಟ್ಟಿದ್ದೇ ಈ ದೇಶದಲ್ಲಿ, ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ. ಇಲ್ಲಿನವರು ಮರೆತರು, ನಾವು ಇಟ್ಟುಕೊಂಡೆವು.

ಶನಿವಾರ ಬೆಳಿಗ್ಗೆ ಬೇಗ ಶುರು ಮಾಡಿ, ನವೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಸಂಶಯ ಬಂದರೆ ಬಿಚ್ಚದ ಕಡೆ ನೋಡಿಕೊಳ್ಳಬಹುದು. ಆಕ್ಸಲ್ ಸ್ಟ್ಯಾಂಡ್, ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್, ಬ್ರೇಕರ್ ಬಾರ್ ಕೊಳ್ಳಬೇಡಿ, ನನ್ನ ಶೆಡ್ಡಿನಲ್ಲಿ ಸುಮ್ನೆ ಬಿದ್ದಿವೆ. ಆ ಬಾರ್ ಎದುರು ಮನೆಯ ಮುದುಕರದ್ದೇ, ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಶುಕ್ರವಾರ ಸಂಜೆ ಆರರ ಮೇಲೆ ಮನೆಯಲ್ಲಿರುತ್ತೇನೆ, ಬಂದು ಒಯ್ಯಿರಿ.