ಉಣ್ಣೆ ಮೇಳದಿಂದ ನಾಲ್ಕು ಮಂದಿಯ ಸ್ವೆಟರಿಗೆ ಎಷ್ಟು ಕಿಲೋ ನೂಲು ತರಬೇಕು?

ಜಮಖಂಡಿಯಿಂದ ಅವ್ವ, ಹೆಂಡತಿ, ಆರು ವರ್ಷದ ಮಗಳನ್ನು ಕರಕೊಂಡು ಬೆಳಗಾವಿಯ ಉಣ್ಣೆ ಮೇಳಕ್ಕೆ ಹೊರಟಿದ್ದೀರಿ, ದೇಸಿ ಕುರಿ ಉಣ್ಣೆ ಎಷ್ಟು ಕಿಲೋ ಬೇಕು, ಎಲ್ಲಿ ಅಗ್ಗ ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಕಿಲೋ ಲೆಕ್ಕದಲ್ಲೇ ಕೇಳುತ್ತಿದ್ದವಳು, ಅದಕ್ಕೇ ನೇರ ಹೇಳುತ್ತೇನೆ: ಕಿಲೋ ಬಿಡಿ, ಮೀಟರ್ ಕೇಳಿ.

ದುಡ್ಡು ಹಾಳಾಗುವುದು ಇಲ್ಲೇ. ವಿನ್ಯಾಸದ ಹಾಳೆಯಲ್ಲಿ ‘ಡಿಕೆ ನೂಲು 500 ಗ್ರಾಂ’ ಅಂತಿರುತ್ತದೆ. ಡಿಕೆ ಅಂದರೆ ಡಬಲ್ ನಿಟಿಂಗ್, ಮಧ್ಯಮ ದಪ್ಪದ ನೂಲು. ವಿನ್ಯಾಸ ಬರೆದವರು ಲೆಕ್ಕ ಹಾಕಿದ ನೂಲು 100 ಗ್ರಾಮಿಗೆ 240 ಮೀಟರ್ ಬರುವಂಥದ್ದಾದರೆ ಒಟ್ಟು 1200 ಮೀಟರ್ ಆಯಿತು. ನೀವು ಮೇಳದಲ್ಲಿ ಮೆಚ್ಚಿದ ಲಡಿ ಕೊಂಚ ದಪ್ಪ, 100 ಗ್ರಾಮಿಗೆ 200 ಮೀಟರ್ ಅಷ್ಟೇ ಅಂದುಕೊಳ್ಳಿ. ಅದೇ 500 ಗ್ರಾಂ ತಂದರೂ ಕೈಗೆ ಬಂದದ್ದು 1000 ಮೀಟರ್. ಕಮ್ಮಿ ಬಿದ್ದ 200 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಇಡೀ ತೋಳು. ಇದು ಗೊತ್ತಾಗುವುದೂ ಬೆನ್ನು, ಎದೆ, ಒಂದು ತೋಳು ಮುಗಿದ ಮೇಲೆಯೇ. ಅಷ್ಟೊತ್ತಿಗೆ ಮೇಳ ಎತ್ತಿಕೊಂಡು ಹೋಗಿರುತ್ತದೆ. ಅದೇ ಕಂಪನಿಯ ಅದೇ ಬಣ್ಣ ತರಿಸಿದರೂ ಡೈ ಲಾಟ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತು, ಬೇರೆ. ಒಂದೊಂದು ಸಲ ಬಣ್ಣದ ಹಂಡೆಗೆ ಹಾಕಿದಾಗಲೂ ಛಾಯೆ ತುಸು ಸರಿಯುತ್ತದೆ. ಉಂಡೆಯಲ್ಲಿ ಕಾಣುವುದಿಲ್ಲ, ಹೆಣೆದ ತೋಳು ಮೈಯ ಪಕ್ಕಕ್ಕೆ ಬಂತೋ, ಬಿಸಿಲಲ್ಲಿ ಎದ್ದು ಕಾಣುತ್ತದೆ.

ಆದ್ದರಿಂದ ನೂಲಿಗೆ ಸುತ್ತಿದ ಪಟ್ಟಿಯ ಮೇಲೆ ಮೂರು ನೋಡಿ: ಮೀಟರ್, ಲಾಟ್ ನಂಬರ್, ನಾರು ಯಾವುದು. ಡಿಕೆ ದಪ್ಪದ ನೂಲಿಗೆ, 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ ಸುಮಾರು 22 ಹೊಲಿಗೆ ಬರುವಂತೆ ಹೆಣೆದರೆ, ದೊಡ್ಡವರ ಪೂರ್ಣ ತೋಳಿನ ಸ್ವೆಟರಿಗೆ 1100ರಿಂದ 1300 ಮೀಟರ್ ಹಿಡಿಯಿರಿ. ಮಗಳಿಗೆ 500ರಿಂದ 600 ಸಾಕು. ಆದರೆ ಅಳತೆ ಒಂದು ಸೈಜ್ ಮುಂದಿನದೇ ಇರಲಿ. ಜಡೆ ಹೆಣಿಗೆ ಹಾಕುವುದಾದರೆ ಕಾಲು ಭಾಗ ಹೆಚ್ಚಿಗೆ ತರಬೇಕು. ಎಲ್ಲದರ ಮೇಲೆ ಒಂದು ಲಡಿ ಜಾಸ್ತಿ ಇರಲಿ, ಉಳಿದರೆ ಟೋಪಿಗಾಯಿತು. ಹೆಣೆಯುವಾಗ ಅಡುಗೆಮನೆಯ ಸಣ್ಣ ತಕ್ಕಡಿ ಹತ್ತಿರ ಇಟ್ಟುಕೊಳ್ಳಿ. ಬೆನ್ನು ಮುಗಿದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ನೂಲು ಹೋಗಿದ್ದರೆ ಕಮ್ಮಿ ಬೀಳುತ್ತದೆ. ಆಗಲೇ ಹೊಸ ಲಾಟ್ ತರಿಸಿ, ಹಳೆಯದು ಎರಡು ಸಾಲು, ಹೊಸದು ಎರಡು ಸಾಲು ಹಾಕುತ್ತ ಹೋದರೆ ವ್ಯತ್ಯಾಸ ಕಣ್ಣಿಗೆ ಬೀಳದು.

ಇನ್ನು ದೇಸಿ ಉಣ್ಣೆ. ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಸ್ವೆಟರ್ ಬೇಡವೇ ಬೇಡ, ಅದರಲ್ಲೂ ಮಗಳಿಗೆ! ನಮ್ಮ ಕಡೆ ಕಂಬಳಿಗೆ ಬಳಸುವ ಒರಟು ನಾರು ಅದು. ಕಂಬಳಿ, ಗಾದಿ, ಚೀಲಕ್ಕೆ ಅದರಷ್ಟು ಗಟ್ಟಿ ಬೇರೆ ಇಲ್ಲ, ಬರಿಮೈಗೆ ಮಾತ್ರ ಚುಚ್ಚುತ್ತದೆ. ಇನ್ನೊಂದು ತೊಡಕು, ಮಗ್ಗಕ್ಕೆಂದು ನೂತ ನೂಲು ಒಂಟಿ ಎಳೆಯದು, ಬಿಗಿಯಾಗಿ ಹೊಸೆದದ್ದು. ಒಂದು ಮೊಳ ಎಳೆದು ಹಿಡಿದು ಎರಡೂ ತುದಿ ಹತ್ತಿರ ತನ್ನಿ. ನಡುವೆ ತಾನೇ ಹಾವಿನಂತೆ ಸುತ್ತಿಕೊಂಡರೆ ಅದರಲ್ಲಿ ಹೆಣೆದ ಬಟ್ಟೆ ಒಂದು ಪಕ್ಕಕ್ಕೆ ಓರೆಯಾಗುತ್ತದೆ, ತೊಳೆದರೂ ನೆಟ್ಟಗಾಗುವುದಿಲ್ಲ. ಎರಡು ಎಳೆ ಕೂಡಿಸಿ, ನೂತ ದಿಕ್ಕಿಗೆ ವಿರುದ್ಧ ಹೊಸೆದರೆ ಸರಿಹೋಗುತ್ತದೆ. ಬಣ್ಣ ಹಾಕದ ಕರಿ ಉಣ್ಣೆಗೆ ಲಾಟ್ ನಂಬರೇ ಇರುವುದಿಲ್ಲ, ಕುರಿಯಿಂದ ಕುರಿಗೆ ಛಾಯೆ ಬೇರೆ. ಬೇಕಾದಷ್ಟನ್ನು ಒಬ್ಬರ ಹತ್ತಿರ ಒಂದೇ ಸಲ ಕೊಳ್ಳಿ.

ಮೈಗೆ ತಾಗುವುದಕ್ಕೆ ಮೆರಿನೋ ಅನ್ನುವ ತಳಿಯ ಕುರಿಯ ನಯವಾದ ಉಣ್ಣೆ ನೋಡಿ. ಅಂಗೈಗೆ ಎಲ್ಲವೂ ಮೆತ್ತಗೇ ಅನಿಸುತ್ತದೆ. ಕುತ್ತಿಗೆಗೆ ಎರಡು ನಿಮಿಷ ಒತ್ತಿ ಹಿಡಿದು ನೋಡಿ. ‘ಅಪ್ಪಟ ಉಣ್ಣೆ’ ಅಂದವರ ಮಾತಿನ ಮೇಲೆ ಅನುಮಾನ ಬಂದರೆ ಒಂದು ತುಂಡು ಕೇಳಿ ಪಡೆದು ಮಳಿಗೆಯಿಂದ ದೂರ ಹೋಗಿ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ಮಗಳ ಬಟ್ಟೆ ಮಷೀನಿಗೇ ಹಾಕುವ ಮನೆಯಾದರೆ ‘ಸೂಪರ್‌ವಾಶ್’ ಅಂತ ಬರೆದದ್ದನ್ನೇ ತರಬೇಕು. ಸಾದಾ ಉಣ್ಣೆಯ ನಾರಿಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಗೊಂಬೆಯ ಅಳತೆಗೆ ಇಳಿಯುತ್ತದೆ.

ಅಗ್ಗ ಎಲ್ಲಿ ಅನ್ನುವುದು ಕೊನೆಯ ಮಾತು. ಉಳಿಕೆ ಮಾಲಿನ ಬುಟ್ಟಿಯಲ್ಲಿ ಅಗ್ಗ ಸಿಗುತ್ತದೆ, ಅಲ್ಲಿ ಒಂದೇ ಲಾಟಿನ ಆರು ಉಂಡೆ ಸಿಗುವುದು ಅಪರೂಪ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ ಬರೀ ಬರೆದುಕೊಳ್ಳಿ. ಕುತ್ತಿಗೆಯ ಪರೀಕ್ಷೆ ಅವ್ವನಿಗೆ ಬಿಡಿ. ಲಾಟ್ ನಂಬರ್ ಹೊಂದಿಸುವ ಕೆಲಸ ಮಗಳಿಗೆ ಕೊಡಿ, ಬೇಸರವೂ ಕಳೆಯುತ್ತದೆ. ಬಣ್ಣವನ್ನು ಪೆಂಡಾಲಿನ ದೀಪದಲ್ಲಿ ನಂಬದೆ ಹೊರಗಿನ ಬೆಳಕಿಗೆ ಒಯ್ದು ನೋಡಿ.

ನಾಲ್ಕು ಸ್ವೆಟರಿನ ನೂಲು ಒಮ್ಮೆಗೇ ತರಬೇಡಿ, ನುಸಿಗೆ ಊಟವಾಗುತ್ತದೆ. ಮಗಳದ್ದೊಂದು ಮುಗಿಯಲಿ. ಲಡಿಯನ್ನು ಅಲ್ಲೇ ಉಂಡೆ ಮಾಡಿಸಿಕೊಳ್ಳಬೇಡಿ. ಉಂಡೆ ಸುತ್ತಿದ್ದನ್ನು ಮಾರಿದವರು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ, ಬಿಗಿಯಾಗಿ ಸುತ್ತಿಟ್ಟರೆ ಉಣ್ಣೆಯ ಎಳೆತವೂ ಹೋಗುತ್ತದೆ.