ಕುತ್ತಿಗೆ ಲಟಕ್ ಅನ್ನಿಸಿದರೆ ಭುಜದ ನೋವು ಪೂರ್ತಿ ಹೋಗುತ್ತದೆಯೇ?

ಕುತ್ತಿಗೆ ತಿರುವಿಸಿಕೊಂಡ ಕೂಡಲೇ ತೋಳು ಸರಾಗ ಏಳುತ್ತದೆ, ಎರಡು ದಿನಕ್ಕೆ ಮತ್ತೆ ಮೊದಲಿನಂತೆ, ಹಾಗಾದರೆ ವಾರಕ್ಕೆ ಎಷ್ಟು ಸಲ ಮಾಡಿಸಬೇಕು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕುತ್ತ ಒಂದಿಡೀ ಮದುವೆ ಸೀಸನ್ ಕಳೆದುಕೊಂಡೆ.

ನಾನು ಬೆಟಗೇರಿಯ ಕೈಮಗ್ಗದ ನೇಕಾರ. ಬಲಗೈಯಿಂದ ಹಗ್ಗ ಜಗ್ಗಿ ಲಾಳಿ ಓಡಿಸಬೇಕು, ಎಡಗೈಯಿಂದ ಹಲಗೆ ಬಡಿಯಬೇಕು, ಕಣ್ಣು ಎಳೆಯ ಮೇಲೆ. ದಿನವಿಡೀ ಕುತ್ತಿಗೆ ಬಾಗಿಯೇ ಇರುತ್ತದೆ. ಬಲಭುಜ ಹಿಡಿಯಿತು. ಅಂಗಿ ತೊಡುವಾಗ, ಗೂಟಕ್ಕೆ ಚೀಲ ಹಾಕುವಾಗ ಚುಳುಕ್ ಅನ್ನೋದು. ಕಟಿಂಗ್ ಶಾಪಿನವ, "ನರ ಹಿಡದೈತಿ, ತಡೀರಿ ಒಂದ್ ಸಲ ಲಟಕ್ ಅನಸ್ತೀನಿ" ಅಂದ. ಅನ್ನಿಸಿದ. ಎದ್ದು ಕೈ ಎತ್ತಿದೆ, ಕಿವಿತನಕ ಹೋಯಿತು.

ನಾನು ಕೆಟ್ಟಿದ್ದು ಅದರ ಮುಂದಿನ ಗಂಟೆಗಳಲ್ಲಿ. ಕೈ ಎದ್ದಿತಲ್ಲ, ಭುಜ ಗುಣವಾಯಿತು ಎಂದು ಅವತ್ತೇ ಮಗ್ಗಕ್ಕೆ ಕೂತು ಬಾಕಿ ಉಳಿದ ಸೀರೆಯನ್ನೆಲ್ಲ ಎಳೆಯುತ್ತಿದ್ದೆ. ನೋವಿದ್ದಾಗ ಮೆತ್ತಗೆ ಜಗ್ಗುತ್ತಿದ್ದ ಕೈ, ನೋವು ಸುಮ್ಮನಾದಾಗ ಜೋರಾಗಿ ಜಗ್ಗುತ್ತಿತ್ತು. ಸ್ನಾಯುವನ್ನು ಎಲುಬಿಗೆ ಕಟ್ಟುವ ಒಳಗಿನ ಸ್ನಾಯುರಜ್ಜು ಮಾತ್ರ ನಿನ್ನೆ ಎಷ್ಟು ದುರ್ಬಲವಿತ್ತೋ ಇವತ್ತೂ ಅಷ್ಟೇ. ಮರುದಿನ ನೋವು ಹೆಚ್ಚಾದರೆ "ಮತ್ತೆ ನರ ಹಿಡಿಯಿತು" ಅಂದುಕೊಂಡು ಮತ್ತೆ ಅದೇ ಕುರ್ಚಿಗೆ. ಹೊರೆ ಹೆಚ್ಚಿಸಿದ್ದು ನಾನೇ ಎಂಬುದು ತಲೆಗೆ ಹೋಗಲೇ ಇಲ್ಲ. ಕೈ ಎತ್ತಿ ನೋಡಬೇಕಾದದ್ದು ಕುರ್ಚಿಯಿಂದ ಎದ್ದಾಗ ಅಲ್ಲ, ಮರುದಿನ ಬೆಳಿಗ್ಗೆ. ಅದನ್ನು ನಾನು ಯಾವತ್ತೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ತುಂಬಿದ ಚಹಾ ಕಪ್ ಎತ್ತಲಾಗದೆ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಸುಪ್ರಾಸ್ಪೈನೇಟಸ್ ಅಂದರೆ ತೋಳು ಎತ್ತಲು ನೆರವಾಗುವ ಭುಜದ ಸ್ನಾಯು, ಅದರ ರಜ್ಜು ಅರ್ಧಂಬರ್ಧ ಹರಿದಿತ್ತು. ಹಿಡಿದ ಆರ್ಡರ್ ಬೇರೆ ಮನೆಗೆ ಹೋದವು.

ಅಲ್ಲಿನ ಫಿಸಿಯೋ ಬಿಡಿಸಿ ಹೇಳಿದ್ದು ಹೀಗೆ. ತೋಳು ಎತ್ತುವ ಡೆಲ್ಟಾಯ್ಡ್, ಸುಪ್ರಾಸ್ಪೈನೇಟಸ್, ತೋಳು ಹೊರಕ್ಕೆ ತಿರುಗಿಸುವ ಇನ್‌ಫ್ರಾಸ್ಪೈನೇಟಸ್, ಮೊಣಕೈ ಮಡಚುವ ಬೈಸೆಪ್ಸ್, ಇವಕ್ಕೆಲ್ಲ ನರ ಬರುವುದು ಮುಖ್ಯವಾಗಿ ಕುತ್ತಿಗೆಯಿಂದ ಹೊರಡುವ ಸಿ5, ಸಿ6 ಎಂಬ ನರಬೇರುಗಳಿಂದ. ಹಾಗಾಗಿ ಕುತ್ತಿಗೆಗೂ ಭುಜಕ್ಕೂ ನಂಟಿರುವುದು ನಿಜ. ನೋವಿದ್ದಾಗ ನರಮಂಡಲ ಸ್ನಾಯುವನ್ನು ಪೂರ್ತಿ ದುಡಿಯಲು ಬಿಡುವುದಿಲ್ಲ. ಕುತ್ತಿಗೆ ತಿರುವಿದ ಮೇಲೆ ಆ ತಡೆ ಸ್ವಲ್ಪ ಸಡಿಲವಾಗಬಹುದು. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಗಳಲ್ಲಿ ಕೆಲವು ಕಡೆ ಬದಲಾವಣೆ ಕಂಡಿದೆ, ಕೆಲವು ಕಡೆ ಇಲ್ಲ. ಕಂಡಲ್ಲಿಯೂ ಬಹುಮಟ್ಟಿಗೆ ಅಳೆದಿದ್ದು ತಿರುವಿದ ಕೆಲವೇ ನಿಮಿಷಗಳ ಫಲವನ್ನು. ಸ್ನಾಯು ಬಲಿಯುವುದಕ್ಕೆ ವಾರಗಟ್ಟಲೆ ವ್ಯಾಯಾಮದ ಹೊರೆ ಬೇಕು, ಅದು ಲಟಕ್ ಶಬ್ದದಿಂದ ಬರುವುದಿಲ್ಲ. ಆ ಶಬ್ದ ಎಲುಬು ಜಾಗಕ್ಕೆ ಕೂತದ್ದೂ ಅಲ್ಲ. ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳ ಗೆಣ್ಣು ಲಟಕಿಸುವುದನ್ನು ಎಂಆರ್‌ಐನಲ್ಲಿ ಸೆರೆಹಿಡಿದು ತೋರಿಸಿದ್ದಾರೆ.

ಆದ್ದರಿಂದ "ಎಷ್ಟು ಸಲ" ಅನ್ನುವ ಪ್ರಶ್ನೆಯನ್ನೇ ಬಿಡಿ. ತರಬೇತಾದ ಫಿಸಿಯೋ ಪರೀಕ್ಷಿಸಿ ಕುತ್ತಿಗೆ ತಿರುವಿದರೆ ನನ್ನ ತಕರಾರಿಲ್ಲ, ಆದರೆ ಆ ನೋವಿಲ್ಲದ ಹೊತ್ತನ್ನು ಕೆಲಸಕ್ಕೆ ಸುರಿಯಬೇಡಿ, ವ್ಯಾಯಾಮಕ್ಕೆ ಇಡಿ. ನನಗೆ ಕೊಟ್ಟಿದ್ದು ಸರಳ: ಮೊಣಕೈ ಪಕ್ಕೆಗೆ ಒತ್ತಿ, ಮುಂಗೈ ಗೋಡೆಗೆ ಹೊರಮುಖವಾಗಿ ತಳ್ಳಿ ಹಿಡಿಯುವುದು, ಆಮೇಲೆ ಅದನ್ನೇ ರಬ್ಬರ್ ಬ್ಯಾಂಡಿನಿಂದ. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಕನಿಷ್ಠ ಮೂರು ತಿಂಗಳು ಬಿಡಬೇಡಿ. ಮಗ್ಗದ ಹೊತ್ತನ್ನು ಅರ್ಧಕ್ಕೆ ಇಳಿಸಿ ನಿಧಾನ ಏರಿಸಿದೆ. ಈಗ ದಿನದ ಕೆಲಸ ನಡೆಯುತ್ತದೆ, ಅಗಲ ಪನ್ನದ ಸೀರೆ ಮಾತ್ರ ಹಿಡಿಯುವುದಿಲ್ಲ.

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕುತ್ತಿಗೆ ಕೊಡಲೇಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಮೆದುಳಿಗೆ ರಕ್ತ ಒಯ್ಯುವ ವರ್ಟೆಬ್ರಲ್ ಧಮನಿಗಳು ಕುತ್ತಿಗೆಯ ಎಲುಬಿನ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಸಲೂನಿನಲ್ಲಿ ಕುತ್ತಿಗೆ ತಿರುವಿಸಿಕೊಂಡ ಮೇಲೆ ರಕ್ತನಾಳ ಹರಿದು ಪಾರ್ಶ್ವವಾಯುವಿಗೆ ತುತ್ತಾದದ್ದು ಪತ್ರಿಕೆಗಳಲ್ಲೇ ಬಂದಿತ್ತು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಜೀವಕ್ಕೇ ಬರುತ್ತದೆ.

ಇನ್ನೊಂದು ಮಾತು. ನೋವಿಲ್ಲದೆಯೇ ತೋಳು ಸೋಲುತ್ತಿದ್ದರೆ, ಬೆರಳು ಜೋಮು ಹಿಡಿದು ಕೈಯಿಂದ ವಸ್ತು ಜಾರುತ್ತಿದ್ದರೆ, ನಡಿಗೆ ತೂರಾಡಿದರೆ, ಯಾರಿಂದಲೂ ಕುತ್ತಿಗೆ ತಿರುವಿಸಿಕೊಳ್ಳುವ ಮೊದಲು ನರರೋಗ ಅಥವಾ ಎಲುಬಿನ ಡಾಕ್ಟರಿಗೆ ತೋರಿಸಿ. ನಿಮ್ಮ ಪ್ರಶ್ನೆಯಲ್ಲಿ ಜೋಮಿನ ಸುದ್ದಿ ಇಲ್ಲ. ಇದ್ದರೆ ನಾಳೆಯೇ ಹೊರಡಿ.