ಸಮುದ್ರ ನೀಲಿ ಗೋಡೆಯಂತೆ ಕಾಣುತ್ತಿದ್ದರೆ

ಅಕ್ಕಾರೇ, ನೀವು ಹಾಕಿರುವ ಕಾರವಾರ ಬೀಚಿನ ಆಯಿಲ್ ಪೇಂಟಿಂಗ್ ನೋಡಿದೆ. 'ಫೋಟೋ ನೋಡಿಕೊಂಡು ಇಂಪ್ರೆಷನಿಸ್ಟ್ ರೀತಿಯಲ್ಲಿ (ಬಿಡಿಬಿಡಿ ಬ್ರಷ್ ಗುರುತುಗಳಲ್ಲಿ ಬೆಳಕು ಹಿಡಿಯುವ ಶೈಲಿ) ಮಾಡಲು ಹೋದೆ, ಸಮುದ್ರ ನೀಲಿ ಗೋಡೆಯಾಗಿ ನಿಂತಿತು, ಯಾವ ನೀಲಿ ತಗೊಳ್ಳಲಿ' ಅಂತ ಕೇಳಿದ್ದೀರಿ. ನಿಮ್ಮ ಹತ್ತಿರ ಇರುವ ಅಲ್ಟ್ರಾಮರೀನ್ ಸಾಕು, ವಿರಿಡಿಯನ್ ಹಸಿರು ಒಂದು ತಂದುಕೊಳ್ಳಿ. ತೊಂದರೆ ಇರೋದು ಬ್ರಷ್ ಓಡಿಸಿದ್ದರಲ್ಲಿ. ಹಚ್ಚಿದ ಬಣ್ಣವನ್ನೆಲ್ಲ ಮೆತ್ತನೆ ಬ್ರಷ್ಷಿನಿಂದ ತಿಕ್ಕಿ ನುಣುಪು ಮಾಡಿದ್ದೀರಿ, ಅಲ್ವಾ? ನೀರಿನ ಹೊಳಪು ಅಲ್ಲೇ ಹೋಯಿತು.

ಮೊದಲು ಒಂದು ಪರೀಕ್ಷೆ ಮಾಡಿ. ಪೇಂಟಿಂಗಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ. ಆಕಾಶ, ನೀರು, ಮರಳು ಮೂರೂ ಒಂದೇ ಬೂದು ಕಂಡರೆ ಬೆಳಕಿನ ಲೆಕ್ಕ ತಪ್ಪಿದೆ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ಮೋನೆ 1872ರಲ್ಲಿ ಬರೆದ 'ಇಂಪ್ರೆಷನ್, ಸನ್‌ರೈಸ್' ಚಿತ್ರವನ್ನೂ ಹೀಗೇ ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಕಾಣೆಯಾಗುತ್ತಾನೆ! ಸುತ್ತಲಿನ ಆಕಾಶದಷ್ಟೇ ತಿಳಿ ಅವನದು, ಆದರೆ ಅಲ್ಲಿ ಅದು ತಪ್ಪಲ್ಲ. ಬೂದು-ನೀಲಿಯ ನಡುವೆ ಕಿತ್ತಳೆ ಇಟ್ಟಿದ್ದರಿಂದಲೇ ಅವನು ಅಷ್ಟು ಉರಿಯುತ್ತಾನೆ. ಆ ಚಿತ್ರ ನನಗೆ ಎಷ್ಟು ನೋಡಿದರೂ ಸಾಲದು.

ಅದಕ್ಕೇ ಕ್ಯಾನ್ವಾಸಿಗೆ ಮೊದಲೇ ಬರ್ಂಟ್ ಸಿಯೆನಾ ಅನ್ನೋ ಕೆಂಪು-ಕಂದು ಬಣ್ಣ ಹಚ್ಚಿ. ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಹಚ್ಚಿ, ಒಣಗಲು ಬಿಡಿ. ಆಮೇಲೆ ಒರಟು ಕೂದಲಿನ ಚಪ್ಪಟೆ ಬ್ರಷ್ ಹಿಡಿದು ನೀಲಿ, ಹಸಿರು ಪಟ್ಟುಗಳನ್ನು, ಅಂದರೆ ಒಂದೊಂದೇ ಬ್ರಷ್ ಗುರುತನ್ನು, ಬಿಡಿಬಿಡಿಯಾಗಿ ಇಡಿ. ಇಟ್ಟ ಮೇಲೆ ಕೈ ಎತ್ತಿಬಿಡಿ, ಮತ್ತೆ ಮುಟ್ಟಬೇಡಿ. ಪಟ್ಟುಗಳ ಸಂದಿಯಲ್ಲಿ ಕೆಳಗಿನ ಕೆಂಪು ಇಣುಕಿದರೆ ನೀಲಿ ತಾನಾಗಿ ಮಿನುಗುತ್ತದೆ. ಮೂರು-ನಾಲ್ಕು ಪಟ್ಟಿಗೊಮ್ಮೆ ಬ್ರಷ್ ಬಟ್ಟೆಗೆ ಒರೆಸಿ, ಇಲ್ಲದಿದ್ದರೆ ಎಲ್ಲಾ ಕೆಸರು.

ಒಂದೇ ಒಂದು ಅಲೆಯನ್ನು ಸರಿಯಾಗಿ ನೋಡಿ. ಮುರಿಯುವ ಮುಂಚೆ ತುದಿಯಲ್ಲಿ ಬೆಳಕು ನೀರನ್ನು ತೂರಿ ಬರುತ್ತದೆ, ಅಲ್ಲಿ ಹಳದಿ ಬೆರೆತ ಹಸಿರು. ಅದರ ಕೆಳಗೆ ಗಾಢ. ನೊರೆ ಪೂರ್ತಿ ಬಿಳಿಯಲ್ಲ, ನೆರಳಿನ ಕಡೆ ತಿಳಿ ನೇರಳೆ. ದಪ್ಪ ಬಿಳಿ ಬಿಸಿಲು ಬಿದ್ದ ಕಡೆ ಮಾತ್ರ, ಅದೂ ಕೊನೆಗೆ. ಒದ್ದೆ ಮರಳಿಗೆ ಆಕಾಶದ ಬಣ್ಣ ಕೊಡಿ. ಕೆಂಪು ಮುರಕಲ್ಲಿನ ನೆರಳಿಗೆ ಕಪ್ಪು ಟ್ಯೂಬ್ ಮುಟ್ಟಬೇಡಿ, ಅಲ್ಟ್ರಾಮರೀನಿಗೆ ಚೂರು ಕ್ರಿಮ್ಸನ್ ಕೆಂಪು ಸೇರಿಸಿ.

ನಿಮ್ಮ ಫೋಟೋ ಯಾವ ಹೊತ್ತಿನದು? ಕಾರವಾರದಲ್ಲಿ ಕಡಲು ಪಶ್ಚಿಮಕ್ಕೆ. ಬೆಳಿಗ್ಗೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ, ನೀರಿನ ನಿಜವಾದ ಬಣ್ಣ ಕಾಣುತ್ತದೆ. ಸಂಜೆ ಸೂರ್ಯ ಎದುರಿಗೆ, ನೀರೆಲ್ಲ ಹೊಳಪು, ಕಲ್ಲು-ಮರ ಕಪ್ಪಗೆ. ನಿಮ್ಮ ಚಿತ್ರದಲ್ಲಿ ಎರಡೂ ಬೆರೆತಿವೆ. ಒಂದನ್ನೇ ಹಿಡಿಯಿರಿ.

ಅಭ್ಯಾಸಕ್ಕೆ ಕಾರವಾರಕ್ಕೇ ಹೋಗಬೇಕಂತಿಲ್ಲ. ನೀವು ಧಾರವಾಡದವರು, ಸಂಜೆ ಕೆಲಗೇರಿ ಕೆರೆಗೆ ಸಣ್ಣ ಬೋರ್ಡ್ ತಗೊಂಡು ಹೋಗಿ. ಅಲೆ ಸಿಗಲ್ಲ, ಆದರೆ ನೀರಿನ ಮೇಲೆ ಬೆಳಕು ಒಡೆಯೋದು ಸಿಗುತ್ತದೆ. ಫೋಟೋದಲ್ಲಿ ಅದು ಸತ್ತುಹೋಗಿರುತ್ತದೆ. ಬೆಳಕು ಬದಲಾದರೆ ತಿದ್ದುತ್ತಾ ಕೂರಬೇಡಿ, ಇನ್ನೊಂದು ಬೋರ್ಡ್ ತೆಗೆಯಿರಿ. ಫ್ರಾನ್ಸಿನ ಎತ್ರೆತಾ ಕಡಲ ತೀರದಲ್ಲಿ ಮೋನೆ ಮಾಡಿದ್ದೂ ಇದನ್ನೇ.

ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಇರಲಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ದಪ್ಪ ಬಿಳಿ ಮಳೆಗಾಲದಲ್ಲಿ ಬೇಗ ಒಣಗಲ್ಲ, ವಾರ್ನಿಶಿಗೆ ಆರು ತಿಂಗಳು ಕಾಯಿರಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಹೊಸದು ಮಾಡಿದಾಗ ಇಲ್ಲೇ ಹಾಕಿ, ಕಪ್ಪು-ಬಿಳುಪು ಫೋಟೋ ಸಮೇತ. ನೋಡಿ ಹೇಳುತ್ತೇನೆ.